ವರ್ಕ್‌ಶಾಪಿಗೆ ಬಂದ ಹೊಸ ಹುಡುಗ ತಿಂಗಳೊಳಗೆ ಯಾಕೆ ಬಿಟ್ಟು ಹೋಗುತ್ತಾನೆ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನನ್ನದೊಂದು ಟೂ ವೀಲರ್ ವರ್ಕ್‌ಶಾಪ್ ಇದೆ. ಇಬ್ಬರು ಮೆಕ್ಯಾನಿಕ್‌ಗಳು, ವಾಟರ್ ಸರ್ವೀಸಿಗೆ ಒಬ್ಬ, ಸ್ಪೇರ್ ಪಾರ್ಟ್ಸ್ ಮತ್ತು ಬಿಲ್ಲು ನೋಡಿಕೊಳ್ಳಲು ಒಬ್ಬ ಹುಡುಗಿ ಇದ್ದಾರೆ. ಕಳೆದ ವರ್ಷ ಕೆಲಸ ಕಲಿಯಲೆಂದು ಇಬ್ಬರು ಹುಡುಗರು ಬಂದರು. ಇಬ್ಬರೂ ತಿಂಗಳು ತುಂಬುವ ಮೊದಲೇ ಬರುವುದು ನಿಲ್ಲಿಸಿದರು. ಕಾರಣವನ್ನೂ ಹೇಳಲಿಲ್ಲ. ಈಗ ನೆರೆಮನೆಯವರ ಮಗ ಬಂದಿದ್ದಾನೆ. 18 ತುಂಬಿದೆ. ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಪಾಸ್, ಪ್ಲಸ್ ಟೂ ಅರ್ಧಕ್ಕೆ ಬಿಟ್ಟವನು. ಒಳ್ಳೆಯ ಹುಡುಗ, ಆದರೆ ಬಾಯಿ ಬಿಡುವುದಿಲ್ಲ. ಏನು ಹೇಳಿದರೂ ‘ಆಯ್ತು’ ಅನ್ನುತ್ತಾನೆ, ಮಾಡುವಾಗ ತಪ್ಪುತ್ತಾನೆ. ಮಲಯಾಳ ಮಾತಾಡುವ ಗಿರಾಕಿ ಬಂದರೆ ಹಿಂದೆ ಸರಿಯುತ್ತಾನೆ. ಬಿಡುವು ಸಿಕ್ಕಿದರೆ ಮೊಬೈಲ್. ಇವನನ್ನಾದರೂ ಉಳಿಸಿಕೊಳ್ಳಬೇಕು ಎಂದಿದೆ. ಆದರೆ ಕಲಿತ ಮೇಲೆ ಮಂಗಳೂರಿಗೋ ಗಲ್ಫಿಗೋ ಹೋಗಿಬಿಟ್ಟರೆ ನನ್ನ ಶ್ರಮ ದಂಡ ಅಲ್ವಾ? ಏನು ಮಾಡಲಿ?

ಉತ್ತರ: ಆ ಇಬ್ಬರು ಹುಡುಗರು ನಿಮ್ಮಲ್ಲಿದ್ದ ದಿನಗಳಲ್ಲಿ ಏನು ಕಲಿತರು ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ಬೆಳಿಗ್ಗೆ ಗುಡಿಸಿದರು, ಚಹಾ ತಂದರು, ಪೆಟ್ರೋಲಿನಲ್ಲಿ ಸಾಮಾನು ತೊಳೆದರು, ‘ಹತ್ತರ ಸ್ಪಾನರ್ ಕೊಡು’ ಎಂದಾಗ ಕೊಟ್ಟರು. ಹೀಗೇ ಆಗಿದ್ದರೆ ಅವರು ಬಿಟ್ಟು ಹೋದದ್ದರಲ್ಲಿ ಆಶ್ಚರ್ಯ ಇಲ್ಲ. ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ಹುಡುಗರಿಗೆ ಕಲಿಸಿ, ಆಮೇಲೆ ಅವರು ಸೇರಿದ ವರ್ಕ್‌ಶಾಪ್‌ಗಳಿಗೆ ಹೋಗಿ ನೋಡುತ್ತಿದ್ದವನು ನಾನು. ಕಷ್ಟದ ಕೆಲಸ ಅಂತ ಓಡಿಹೋದವರು ಕಡಿಮೆ. ‘ಇಲ್ಲಿ ಯಾರೂ ನನಗೆ ಏನೂ ಹೇಳಿಕೊಡುವುದಿಲ್ಲ’ ಎಂದು ಅನ್ನಿಸಿದವರು ಹೋಗುತ್ತಾರೆ. ಹೇಳದೆ ಹೋಗುತ್ತಾರೆ. ಯಾಕೆಂದರೆ ದಣಿಗಳ ಎದುರು ನಿಂತು ಅದನ್ನು ಹೇಳುವ ಧೈರ್ಯ ಆ ಪ್ರಾಯದಲ್ಲಿ ಇರುವುದಿಲ್ಲ.

ಗುಡಿಸುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಗುಡಿಸಲಿ. ಆದರೆ ಎಲ್ಲರೂ ಸರದಿಯಲ್ಲಿ ಗುಡಿಸಲಿ, ನೀವೂ ಸೇರಿ. ದಿನದಲ್ಲಿ ಇಷ್ಟು ಹೊತ್ತು ಇವನಿಗೆ ಕಲಿಸುವ ಹೊತ್ತು ಎಂದು ಗಟ್ಟಿಯಾಗಿ ಇಡಿ. ಬೆಳಿಗ್ಗೆ ಗಾಡಿಗಳು ಬಂದು ತುಂಬುವ ಮೊದಲು ಒಂದು ಗಂಟೆ ಸಾಕು. ‘ಬಿಡುವಾದಾಗ ಹೇಳಿಕೊಡುತ್ತೇನೆ’ ಎಂದರೆ ಆ ಬಿಡುವು ಬರುವುದೇ ಇಲ್ಲ.

ಇನ್ನು, ಯಾರು ಕಲಿಸಬೇಕು? ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಹೊಳೆದ ಪ್ರಶ್ನೆಯೇ ಇದು. ಇಬ್ಬರು ಮೆಕ್ಯಾನಿಕ್‌ಗಳು, ಜೊತೆಗೆ ನೀವು. ಒಬ್ಬರು ಚೈನ್ ಹೀಗೆ ಬಿಗಿ ಮಾಡು ಅನ್ನುತ್ತಾರೆ, ಇನ್ನೊಬ್ಬರು ಬಂದು ಹಾಗಲ್ಲ ಅನ್ನುತ್ತಾರೆ. ಹುಡುಗ ಇಬ್ಬರಿಗೂ ‘ಆಯ್ತು’ ಎನ್ನುತ್ತಾನೆ. ಬೇರೇನು ಹೇಳಬಲ್ಲ? ಆದ್ದರಿಂದ ಒಬ್ಬರನ್ನು ಮಾತ್ರ ಗುರು ಅಂತ ನೇಮಿಸಿ. ಕೈಚಳಕ ಜಾಸ್ತಿ ಇರುವವನೇ ಆಗಬೇಕೆಂದಿಲ್ಲ, ತಾಳ್ಮೆ ಜಾಸ್ತಿ ಇರುವವನು ಆಗಬೇಕು. ಇಂಜಿನ್ ಶಬ್ದ ಕೇಳಿಯೇ ರೋಗ ಹೇಳುವ ಮೆಕ್ಯಾನಿಕ್‌ಗೆ ಅದನ್ನು ಬಿಡಿಸಿ ಹೇಳಲು ಬರದೇ ಇರಬಹುದು. ಅವನ ಕೈ ತಾನಾಗಿ ಓಡುತ್ತದೆ. ನಿಧಾನವಾಗಿ, ಹಂತ ಹಂತವಾಗಿ ಮಾಡುವ ಇನ್ನೊಬ್ಬನೇ ಇದಕ್ಕೆ ಸರಿ.

ಇಲ್ಲಿ ಒಂದು ಕಷ್ಟ ಇದೆ. ತುಂಬ ಕಡೆ ಮೆಕ್ಯಾನಿಕ್‌ಗೆ ಸಂಬಳದ ಜೊತೆ ಗಾಡಿಗೆ ಇಷ್ಟು ಎಂದು ಪಾಲೂ ಸಿಗುತ್ತದೆ. ಹುಡುಗನಿಗೆ ಕಲಿಸುತ್ತ ಕೂತರೆ ಅವನ ಗಾಡಿಗಳು ಕಡಿಮೆಯಾಗುತ್ತವೆ, ಪಾಲೂ ಕಡಿಮೆಯಾಗುತ್ತದೆ. ಹಾಗಿರುವಾಗ ಅವನು ಯಾಕೆ ಕಲಿಸುತ್ತಾನೆ? ಹುಡುಗನನ್ನು ಚಹಾಕ್ಕೆ ಕಳುಹಿಸಿ ತನ್ನ ಕೆಲಸ ಮುಗಿಸುತ್ತಾನೆ. ಅದು ಅವನ ತಪ್ಪಲ್ಲ. ಕಲಿಸುವ ತಿಂಗಳುಗಳಲ್ಲಿ ಅವನಿಗೆ ಸ್ವಲ್ಪ ಹೆಚ್ಚಿಗೆ ಕೊಡಿ, ಅದು ಕಲಿಸಿದ್ದಕ್ಕೆ ಎಂದು ಹೇಳಿಯೇ ಕೊಡಿ. ಈ ಖರ್ಚನ್ನು ಉಳಿಸಲು ಹೋದರೆ ಉಳಿದದ್ದೆಲ್ಲ ಮಾಡಿಯೂ ಪ್ರಯೋಜನ ಇಲ್ಲ.

ಇನ್ನು ‘ಆಯ್ತು’ ಅನ್ನುವ ವಿಷಯ. ‘ತಿಳಿಯಿತಾ?’ ಎಂದು ಕೇಳಿದರೆ ಯಾವ ಹುಡುಗನೂ ‘ಇಲ್ಲ’ ಅನ್ನುವುದಿಲ್ಲ. ಆ ಪ್ರಶ್ನೆಯನ್ನೇ ಬಿಟ್ಟುಬಿಡಿ. ಬದಲಿಗೆ ‘ಮೊದಲು ಯಾವುದನ್ನು ಬಿಚ್ಚುತ್ತಿ? ಆಮೇಲೆ?’ ಎಂದು ಕೇಳಿ. ಅವನ ಬಾಯಲ್ಲಿ ಇಡೀ ಕೆಲಸ ಹೇಳಿಸಿ. ಎಲ್ಲಿ ತಡವರಿಸುತ್ತಾನೋ ಅಲ್ಲಿ ಅವನಿಗೆ ತಿಳಿದಿಲ್ಲ. ಅಷ್ಟನ್ನು ಮಾತ್ರ ಮತ್ತೆ ತೋರಿಸಿ.

ಆಯಿಲ್ ಬದಲಿಸುವುದನ್ನೇ ತೆಗೆದುಕೊಳ್ಳೋಣ. ನಮಗೆ ಅದು ಕಣ್ಣು ಮುಚ್ಚಿ ಮಾಡುವ ಕೆಲಸ. ಹೊಸಬನಿಗೆ ಅದರಲ್ಲಿ ಎಷ್ಟೊಂದು ಇದೆ ನೋಡಿ. ಇಂಜಿನ್ ಸ್ವಲ್ಪ ಬಿಸಿ ಮಾಡಿದರೆ ಹಳೆ ಆಯಿಲ್ ಪೂರ್ತಿ ಇಳಿಯುತ್ತದೆ, ಜಾಸ್ತಿ ಬಿಸಿಯಾದರೆ ಕೈ ಸುಡುತ್ತದೆ. ಡ್ರೈನ್ ಬೋಲ್ಟನ್ನು ಕೆಳಗಿನಿಂದ ನೋಡುವಾಗ ಯಾವ ಕಡೆ ತಿರುಗಿಸಬೇಕು ಎಂಬಲ್ಲಿ ತಲೆ ಗೊಂದಲವಾಗುತ್ತದೆ. ಬಿಚ್ಚುತ್ತೇನೆ ಎಂದುಕೊಂಡು ಇನ್ನೂ ಬಿಗಿ ಮಾಡುತ್ತಾನೆ. ವಾಷರ್ ಹಳೆ ಆಯಿಲ್ ಜೊತೆ ಬಿದ್ದು ಕಾಣೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಬೋಲ್ಟ್ ಕಬ್ಬಿಣದ್ದು, ಇಂಜಿನ್ ಕೇಸ್ ಅಲ್ಯೂಮಿನಿಯಂನದು. ಅಡ್ಡಡ್ಡ ಕೂರಿಸಿ ಸ್ಪಾನರ್ ಹಾಕಿ ಎಳೆದರೆ ತ್ರೆಡ್ ಹೋಯಿತು. ಸ್ಪಾರ್ಕ್ ಪ್ಲಗ್ಗಿನಲ್ಲೂ ಇದೇ ಕಥೆ. ಮೊದಲ ಮೂರ್ನಾಲ್ಕು ಸುತ್ತು ಬರೀ ಬೆರಳಲ್ಲಿ ತಿರುಗಬೇಕು, ಬಿಗಿ ಬಂದರೆ ನಿಲ್ಲಿಸಿ ಹಿಂದೆ ಬಿಚ್ಚಬೇಕು. ಇದನ್ನು ಮೊದಲ ದಿನವೇ ಬೆರಳಿಗೆ ಹತ್ತಿಸಿದರೆ ನಿಮಗೆ ಎಷ್ಟೋ ಸಾವಿರ ರೂಪಾಯಿ ಉಳಿಯುತ್ತದೆ.

ಒಮ್ಮೆ ಗುರು ಮಾತಾಡುತ್ತ ಮಾಡಿ ತೋರಿಸಲಿ. ಮರುದಿನ ಹುಡುಗ ಮಾಡಲಿ, ಗುರು ಪಕ್ಕದಲ್ಲಿ ಕೈ ಕಟ್ಟಿ ನಿಲ್ಲಲಿ. ಕೈ ಕಟ್ಟಿ ನಿಲ್ಲುವುದೇ ಕಷ್ಟದ ಭಾಗ. ನಿಧಾನ ಆಗುವುದನ್ನು ನೋಡಲಾರದೆ ಸ್ಪಾನರ್ ಕಿತ್ತುಕೊಳ್ಳುವ ಗುರುಗಳೇ ಜಾಸ್ತಿ. ಹಾಗೆ ಕಿತ್ತುಕೊಂಡ ಪ್ರತಿ ಸಲವೂ ಹುಡುಗನಿಗೆ ‘ನಿನ್ನಿಂದ ಆಗದು’ ಎಂದೇ ಕೇಳಿಸುತ್ತದೆ. ಗಿರಾಕಿಯ ಗಾಡಿಯಲ್ಲಿ ಇಷ್ಟು ತಾಳ್ಮೆ ಸಾಧ್ಯವಿಲ್ಲ ಅಂತಿದ್ದರೆ ಗುಜರಿಯಿಂದ ಒಂದು ಹಳೆ ಇಂಜಿನ್ ತನ್ನಿ. ಅದು ಅವನದ್ದೇ ಆಗಿರಲಿ. ಬಿಚ್ಚಲಿ, ಜೋಡಿಸಲಿ, ಮತ್ತೆ ಬಿಚ್ಚಲಿ. ಜೂನ್, ಜುಲೈಯ ಜಡಿಮಳೆಗೆ ಗಾಡಿಗಳು ಕಡಿಮೆಯಾದ ದಿನಗಳಲ್ಲಿ ಅವನು ಮೊಬೈಲ್ ಹಿಡಿದು ಕೂರುವುದು ಬೇರೆ ಕೆಲಸ ಇಲ್ಲದ್ದರಿಂದಲೂ ಇರಬಹುದು.

ಮೊದಲ ತಿಂಗಳ ಕೊನೆಗೆ ಅವನೊಬ್ಬನೇ ಮಾಡಬಲ್ಲ ಕೆಲಸ ಯಾವುದು ಎಂದು ಇಂದೇ ಬರೆದು ಗೋಡೆಗೆ ಅಂಟಿಸಿ. ಟೈರ್ ಪ್ರೆಶರ್, ಏರ್ ಫಿಲ್ಟರ್, ಕೇಬಲಿಗೆ ಆಯಿಲ್, ಚೈನ್ ಸಡಿಲ ನೋಡುವುದು, ಆಯಿಲ್ ಬದಲಿಸುವುದು. ಇಷ್ಟೇ ಸಾಕು. ಚೈನ್ ‘ಹದವಾಗಿ’ ಇರಬೇಕು ಎಂದು ಹೇಳಬೇಡಿ. ಹದ ಎಷ್ಟೆಂದು ಅವನಿಗೆ ಹೇಗೆ ತಿಳಿಯಬೇಕು? ಸಾಮಾನ್ಯ ಬೈಕುಗಳಲ್ಲಿ ಚೈನನ್ನು ಕೆಳಭಾಗದ ನಡುವಿನಲ್ಲಿ ಮೇಲೆ ಕೆಳಗೆ ಆಡಿಸಿದರೆ 20ರಿಂದ 30 ಮಿಲಿಮೀಟರ್ ಆಡಬೇಕು, ಗಾಡಿಯ ಪುಸ್ತಕದಲ್ಲಿ ಬೇರೆ ಇದ್ದರೆ ಅದರ ಪ್ರಕಾರ. ಸ್ಕೇಲ್ ಕೊಟ್ಟು ಅಳೆಯಲು ಹೇಳಿ. ಅಳತೆ ಗೊತ್ತಾದ ಹುಡುಗನಿಗೆ ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ನಿಮ್ಮನ್ನು ಕೇಳದೆಯೇ ಗೊತ್ತಾಗುತ್ತದೆ. ಎರಡನೇ ತಿಂಗಳಿಗೆ ಬ್ರೇಕ್ ಶೂ, ಪ್ಲಗ್, ಬಲ್ಬು, ಹಾರ್ನ್. ಕಾರ್ಬುರೇಟರ್, ಕ್ಲಚ್ ಆಮೇಲೆ ಬರಲಿ. ಒಂದೊಂದು ಕೆಲಸ ಕೈಗೆ ಬಂದಾಗಲೂ ಗೋಡೆಯ ಕಾಗದದಲ್ಲಿ ಅವನೇ ತಾರೀಕು ಬರೆಯಲಿ.

ಮಲಯಾಳದ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡುತ್ತೇನೆ. ಕಾಸರಗೋಡಿನ ಕನ್ನಡ ಮೀಡಿಯಂ ಮಕ್ಕಳ ಕಷ್ಟ ಹೊರಗಿನವರಿಗೆ ಅರ್ಥವಾಗುವುದಿಲ್ಲ. 1956ರಲ್ಲಿ ಈ ತಾಲೂಕು ಕೇರಳಕ್ಕೆ ಸೇರಿದ ಮೇಲೆ ನಮ್ಮ ಮಕ್ಕಳು ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮರಾಠಿಯೋ, ಆಫೀಸಿನಲ್ಲಿ ಮಲಯಾಳ ಎಂದು ಬದುಕುತ್ತ ಬಂದಿದ್ದಾರೆ. ಹತ್ತನೆಯವರೆಗೆ ಕನ್ನಡದಲ್ಲಿ ಓದಿದವನಿಗೆ ಪ್ಲಸ್ ಟೂನಲ್ಲಿ ಪುಸ್ತಕ ಇಂಗ್ಲಿಷಿನದು, ಮೇಷ್ಟ್ರು ಬಿಡಿಸಿ ಹೇಳುವುದು ಹೆಚ್ಚಾಗಿ ಮಲಯಾಳದಲ್ಲಿ. ಜಾಣ ಹುಡುಗರೂ ಅಲ್ಲಿ ಮಂಕಾಗಿಬಿಡುತ್ತಾರೆ. ಕೇಳಿದರೆ ತಪ್ಪಾಗಿ ಮಾತಾಡಿ ನಗೆಪಾಟಲಾಗುತ್ತೇನೆ ಎಂಬ ಹೆದರಿಕೆಯಿಂದ ಬಾಯಿ ಮುಚ್ಚಿ ಕೂರುವ ಅಭ್ಯಾಸ ಆಗುತ್ತದೆ. ನಿಮ್ಮ ಹುಡುಗ ಪ್ಲಸ್ ಟೂ ಯಾಕೆ ಬಿಟ್ಟ ಎಂದು ನೀವು ಬರೆದಿಲ್ಲ. ಆದರೆ ಅವನು ಬಾಯಿ ಬಿಡದಿರುವುದಕ್ಕೂ ಗಿರಾಕಿ ಬಂದಾಗ ಹಿಂದೆ ಸರಿಯುವುದಕ್ಕೂ ಇದೇ ಬೇರು ಇರಬಹುದು ಎಂದು ನನಗನಿಸುತ್ತದೆ.

ಹಾಗಾಗಿ ಅವನನ್ನು ಒಬ್ಬನೇ ಗಿರಾಕಿಯ ಎದುರು ನೂಕಬೇಡಿ. ನೀವು ಗಾಡಿ ತೆಗೆದುಕೊಳ್ಳುವಾಗ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಗಿರಾಕಿ ಮಲಯಾಳದಲ್ಲಿ ಹೇಳಿದ ದೂರನ್ನು ಅವನು ಕನ್ನಡದಲ್ಲಿ ಒಂದು ಪುಸ್ತಕದಲ್ಲಿ ಬರೆಯಲಿ: ಗಾಡಿ ನಂಬರ್, ಎಷ್ಟು ಕಿಲೋಮೀಟರ್ ಓಡಿದೆ, ಏನು ತೊಂದರೆ, ಏನು ಮಾಡಿದೆವು. ವರ್ಕ್‌ಶಾಪಿನಲ್ಲಿ ಗಿರಾಕಿಗಳು ಹೇಳುವುದು ಹೆಚ್ಚುಕಮ್ಮಿ ಅವೇ ಮಾತುಗಳು. ಬ್ರೇಕ್ ಹಿಡಿಯುವುದಿಲ್ಲ, ಸ್ಟಾರ್ಟಿಂಗ್ ತೊಂದರೆ, ಮೈಲೇಜ್ ಇಲ್ಲ, ಹಿಂದಿನಿಂದ ಶಬ್ದ, ಎಷ್ಟಾಗುತ್ತದೆ, ಯಾವಾಗ ಸಿಗುತ್ತದೆ. ಕೆಲವೇ ವಾರಗಳಲ್ಲಿ ಅವನಿಗೆ ಇದೆಲ್ಲ ಕಿವಿಗೆ ಬೀಳುತ್ತದೆ, ಬಾಯಿಗೂ ಬರುತ್ತದೆ. ಪಾರ್ಟಿನ ಹೆಸರು ಇಂಗ್ಲಿಷಿನದೇ ಇರಲಿ, ಕನ್ನಡ ಅಕ್ಷರದಲ್ಲಿ ಬರೆಯಲಿ, ಪಕ್ಕದಲ್ಲಿ ಬಿಲ್ಲಿನಲ್ಲಿರುವ ಹಾಗೆ ಇಂಗ್ಲಿಷ್ ಅಕ್ಷರದಲ್ಲೂ ಬರೆಯಲಿ. ಒಂದು ವರ್ಷದಲ್ಲಿ ಆ ಪುಸ್ತಕ ಅವನ ಪಠ್ಯಪುಸ್ತಕವಾಗುತ್ತದೆ. ಇನ್ನು, ಅವನ ಮಲಯಾಳ ಕೇಳಿ ವರ್ಕ್‌ಶಾಪಿನಲ್ಲಿ ಯಾರೂ ನಗಬಾರದು. ಇದನ್ನು ಅವನ ಎದುರಲ್ಲ, ಅವನಿಲ್ಲದಾಗ ಉಳಿದವರಿಗೆ ಗಟ್ಟಿಯಾಗಿ ಹೇಳಿ.

ತಪ್ಪು ಮಾಡಿದಾಗ ಏನು ಮಾಡುತ್ತೀರಿ ಎಂಬುದರ ಮೇಲೆ ತುಂಬ ನಿಂತಿದೆ. ಗಿರಾಕಿಯ ಎದುರು ಬೈಯಬೇಡಿ. ಬೋಲ್ಟ್ ಮುರಿದದ್ದಕ್ಕೆ, ಮಡ್‌ಗಾರ್ಡ್‌ಗೆ ಗೀರು ಬಿದ್ದದ್ದಕ್ಕೆ ಅವನ ಹಣದಿಂದ ಕಡಿಯಬೇಡಿ. ಕಡಿದರೆ ಮುಂದಿನ ತಪ್ಪನ್ನು ಅವನು ಮುಚ್ಚಿಡುತ್ತಾನೆ. ನಮ್ಮ ಕೆಲಸದಲ್ಲಿ ಮುಚ್ಚಿಟ್ಟ ತಪ್ಪು ಜೀವ ತೆಗೆಯುತ್ತದೆ. ಆಕ್ಸಲ್ ನಟ್ ಸರಿಯಾಗಿ ಬಿಗಿಯಾಗಿಲ್ಲ ಎಂದು ಅನುಮಾನ ಇದ್ದೂ ಹೆದರಿ ಸುಮ್ನೆ ಇದ್ದರೆ, ಆ ಗಾಡಿಯಲ್ಲಿ ಒಬ್ಬ ತಾಯಿ ಮಗುವನ್ನು ಕೂರಿಸಿಕೊಂಡು ಅಡ್ಕಸ್ಥಳದ ಇಳಿಜಾರು ಇಳಿಯುತ್ತಾಳೆ. ಆದ್ದರಿಂದ ‘ಬಂದು ಹೇಳಿದ ತಪ್ಪಿಗೆ ಬೈಗುಳ ಇಲ್ಲ’ ಎಂದು ಮೊದಲ ದಿನವೇ ಮಾತು ಕೊಡಿ, ಮತ್ತೆ ಆ ಮಾತು ಉಳಿಸಿಕೊಳ್ಳಿ. ಬ್ರೇಕ್, ಚಕ್ರ, ಹ್ಯಾಂಡಲ್ ಮುಟ್ಟಿದ ಯಾವ ಗಾಡಿಯೂ ಗುರು ಇನ್ನೊಮ್ಮೆ ಸ್ಪಾನರ್ ಹಾಕಿ ನೋಡದೆ ಹೊರಗೆ ಹೋಗಬಾರದು. ಇದು ಹುಡುಗನ ಮೇಲೆ ನಂಬಿಕೆ ಇಲ್ಲದ್ದಕ್ಕಲ್ಲ. ಹತ್ತು ವರ್ಷ ಅನುಭವ ಇರುವವನ ಕೆಲಸವನ್ನೂ ಇನ್ನೊಬ್ಬರು ನೋಡುವ ಕ್ರಮ ಇದ್ದರೆ ಒಳ್ಳೆಯದೇ.

ಟ್ರಯಲ್ ನೋಡಲು ಅವನ ಕೈಗೆ ಗಾಡಿ ಕೊಡುತ್ತೀರಾ? ಲೈಸೆನ್ಸ್ ಆಗುವವರೆಗೆ ಕೊಡಬೇಡಿ, ವರ್ಕ್‌ಶಾಪಿನ ಎದುರಿನ ರಸ್ತೆಯಲ್ಲೂ ಬೇಡ. ಹುಡುಗರಿಗೆ ಇದೇ ದೊಡ್ಡ ಆಸೆ, ನನಗೆ ಗೊತ್ತು. ಆದರೆ ಗಿರಾಕಿಯ ಗಾಡಿಯಲ್ಲಿ ಲೈಸೆನ್ಸ್ ಇಲ್ಲದವನು ಬಿದ್ದರೆ ಅಥವಾ ಯಾರಿಗಾದರೂ ಗುದ್ದಿದರೆ ಪೊಲೀಸ್ ಕೇಸು, ಇನ್ಶೂರೆನ್ಸಿನ ತಕರಾರು ಎಲ್ಲ ನಿಮ್ಮ ತಲೆಗೆ. 18 ತುಂಬಿದೆಯಲ್ಲ, ಬೇಗ ಲರ್ನರ್ಸ್ ಮಾಡಿಸಲು ಹೇಳಿ. ಸಾಧ್ಯವಾದರೆ ಅದರ ಫೀಸನ್ನು ನೀವೇ ಕಟ್ಟಿ.

ಈಗ ಅಪಾಯದ ವಿಷಯ. ಇದರಲ್ಲಿ ರಾಜಿ ಇಲ್ಲ. ಸ್ಪಾನರ್ ಕೈಗೆ ಕೊಡುವ ಮೊದಲೇ ಇದನ್ನು ಹೇಳಬೇಕು. ಇಂಜಿನ್ ಸ್ಟಾರ್ಟ್ ಮಾಡಿ, ಗೇರಿಗೆ ಹಾಕಿ, ತಿರುಗುತ್ತಿರುವ ಚೈನಿಗೆ ಬಟ್ಟೆ ಹಿಡಿದು ಒರೆಸುವ ಅಭ್ಯಾಸ ನಮ್ಮಲ್ಲಿ ತುಂಬ ಕಡೆ ಇದೆ. ಬಟ್ಟೆ ಸ್ಪ್ರಾಕೆಟಿಗೆ ಸಿಕ್ಕಿ ಎಳೆದರೆ ಬೆರಳು ಅದರ ಜೊತೆ ಹೋಗುತ್ತದೆ. ಇಂಜಿನ್ ಬಂದ್ ಮಾಡಿ ಚಕ್ರವನ್ನು ಕೈಯಲ್ಲಿ ತಿರುಗಿಸಿಯೇ ಒರೆಸಬೇಕು. ಅವನು ನಿಮ್ಮ ಹಿರಿಯ ಮೆಕ್ಯಾನಿಕ್ ಮಾಡಿದ್ದನ್ನು ನೋಡಿ ಕಲಿಯುತ್ತಾನೆ, ನೀವು ಹೇಳಿದ್ದನ್ನು ಕೇಳಿ ಅಲ್ಲ. ಆದ್ದರಿಂದ ಮೊದಲು ಹಿರಿಯರು ಈ ಅಭ್ಯಾಸ ಬಿಡಬೇಕು.

ಕಂಪ್ರೆಸರ್ ಪೈಪನ್ನು ಮೈಗೆ, ಬಟ್ಟೆಗೆ, ಇನ್ನೊಬ್ಬರ ಕಡೆಗೆ ಹಿಡಿಯಬಾರದು. ತಮಾಷೆಗೆಂದು ಹಿಡಿದು ಹೊಟ್ಟೆಯೊಳಗಿನ ಕರುಳು ಒಡೆದು ಜೀವ ಹೋದ ಘಟನೆಗಳು ನಮ್ಮ ದೇಶದಲ್ಲಿ ಮತ್ತೆ ಮತ್ತೆ ಆಗಿವೆ. ಹೊಸ ಹುಡುಗನೇ ಇಂಥ ‘ತಮಾಷೆ’ಗೆ ಮೊದಲು ಸಿಗುವವನು. ಹಾಗೆ ಮಾಡಿದವನು ಎಷ್ಟೇ ಒಳ್ಳೆಯ ಮೆಕ್ಯಾನಿಕ್ ಆಗಿದ್ದರೂ ಅಂದೇ ಮನೆಗೆ ಎಂದು ಎಲ್ಲರಿಗೂ ತಿಳಿದಿರಲಿ. ಬ್ರೇಕ್ ಡ್ರಮ್ಮಿನ ಧೂಳನ್ನು ಕಂಪ್ರೆಸರಿನಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೆ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಪೆಟ್ರೋಲಿನಲ್ಲಿ ಕೈ ತೊಳೆಯುವುದೂ ಬೇಡ. ಚರ್ಮ ಒಡೆಯುತ್ತದೆ, ಮತ್ತೆ ಪೆಟ್ರೋಲಿನಲ್ಲಿರುವ ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗುವ ವಸ್ತು. ಹಳೆ ಇಂಜಿನ್ ಆಯಿಲ್ ದಿನಾ ಕೈಗೆ ಮೆತ್ತಿದರೂ ಚರ್ಮಕ್ಕೆ ಕೆಟ್ಟದು. ಕೈಗವಸು, ಸೋಪು, ಗ್ರೈಂಡರ್ ಮುಟ್ಟುವಾಗ ಕನ್ನಡಕ, ಬೆರಳು ಮುಚ್ಚುವ ಗಟ್ಟಿ ಶೂ. ಇದೆಲ್ಲ ನೀವೇ ತೆಗೆದುಕೊಡಬೇಕಾದದ್ದು, ಅವನ ಮನೆಯವರು ತರಬೇಕಾದದ್ದಲ್ಲ. ಬ್ಯಾಟರಿ ಆಸಿಡ್ ಕಣ್ಣಿಗೆ ಹಾರಿದರೆ ಕೂಡಲೇ ನಲ್ಲಿ ನೀರಿನಲ್ಲಿ ಕಡಿಮೆಯೆಂದರೆ ಹದಿನೈದು ನಿಮಿಷ ತೊಳೆದು, ಆಮೇಲೆ ಆಸ್ಪತ್ರೆಗೆ.

ವಾಟರ್ ಸರ್ವೀಸಿನ ಮೋಟಾರಿಗೆ ಇಎಲ್‌ಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಬಂದ್ ಮಾಡುವ ಸ್ವಿಚ್, ಇದೆಯಾ? ಇಲ್ಲದಿದ್ದರೆ ಈ ವಾರವೇ 30 ಮಿಲಿ ಆಂಪಿಯರಿನದ್ದು ಹಾಕಿಸಿ. ನಮ್ಮ ಮಳೆಗಾಲದಲ್ಲಿ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಪ್ರೆಶರ್ ಗನ್ ಹಿಡಿಯುವ ಹುಡುಗನನ್ನು ಕಂಡರೆ ನನಗೆ ಭಯವಾಗುತ್ತದೆ. ಇರುವ ಇಎಲ್‌ಸಿಬಿಯ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡುವ ಕೆಲಸವನ್ನು ಇವನಿಗೇ ಕೊಡಿ.

ಕಾಗದಪತ್ರದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ನೀವು ಅವನನ್ನು 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಸೇರಿಸಿಕೊಳ್ಳಬಹುದು. 30 ಅಥವಾ ಹೆಚ್ಚು ಜನರಿರುವ ಸಂಸ್ಥೆಗೆ ಇದು ಕಡ್ಡಾಯ, 4ರಿಂದ 29 ಜನರಿರುವಲ್ಲಿ ಇಷ್ಟ ಇದ್ದರೆ ಮಾತ್ರ. ನಿಮ್ಮಲ್ಲಿ ನಾಲ್ವರು ಇದ್ದಾರೆ. ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲಿನಲ್ಲಿ ವರ್ಕ್‌ಶಾಪನ್ನು ನೋಂದಾಯಿಸಿ, ಅವನ ಜೊತೆ ಒಪ್ಪಂದ ಮಾಡಬೇಕು. 2019ರ ನಿಯಮದಲ್ಲಿ ಹತ್ತನೇ ತರಗತಿ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 6,000 ರೂಪಾಯಿ ಸ್ಟೈಪೆಂಡ್ ಇಟ್ಟಿದ್ದರು, ಎರಡನೇ ವರ್ಷಕ್ಕೆ 10 ಶೇಕಡ ಏರಿಕೆ. ಒಪ್ಪಂದ ಮಾಡುವ ದಿನದ ದರವನ್ನು ಪೋರ್ಟಲಿನಲ್ಲೇ ನೋಡಿಕೊಳ್ಳಿ. 2016ರಲ್ಲಿ ಶುರುವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲು ಭಾಗ, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರ ಭರಿಸುತ್ತದೆ. ಈಗ ಅದು ಹುಡುಗನ ಬ್ಯಾಂಕ್ ಖಾತೆಗೇ ಹೋಗುತ್ತದೆ. ಒಪ್ಪಂದ ಮಾಡಿಕೊಂಡ ಮೇಲೆ ಅವನಿಗೆ ಓವರ್‌ಟೈಮ್ ಕೆಲಸ ಮಾಡಿಸುವಂತಿಲ್ಲ, ಅದಕ್ಕೆ ಅಧಿಕಾರಿಯ ಒಪ್ಪಿಗೆ ಬೇಕು. ತರಬೇತಿಯಲ್ಲಿ ಗಾಯವಾದರೆ ಪರಿಹಾರದ ಹೊಣೆ ಮಾಲಕರದು. ನಿಗದಿತ ಟ್ರೇಡಿನಲ್ಲಿ ತರಬೇತಿ ಮುಗಿಸಿ ಪರೀಕ್ಷೆ ಪಾಸಾದರೆ ದೇಶದಲ್ಲೆಲ್ಲ ನಡೆಯುವ ಸರ್ಟಿಫಿಕೇಟ್ ಸಿಗುತ್ತದೆ. ವಿದ್ಯಾನಗರದ ಸರ್ಕಾರಿ ಐಟಿಐಗೆ ಒಮ್ಮೆ ಅವನನ್ನೂ ಕರೆದುಕೊಂಡು ಹೋಗಿ ವಿಚಾರಿಸಿ, ಯಾವ ಟ್ರೇಡು, ಯಾವ ಪಾಠ ಎಂದು ಅಲ್ಲಿ ಬಿಡಿಸಿ ಹೇಳುತ್ತಾರೆ.

18 ತುಂಬಿದೆ ಎಂದು ಬರೆದದ್ದು ಓದಿ ಸಮಾಧಾನವಾಯಿತು. ನಾಳೆ ಯಾರಾದರೂ ‘ನನ್ನ ತಮ್ಮನಿಗೆ ಹದಿನಾರು, ರಜೆಯಲ್ಲಿ ಬರಲಿ’ ಎಂದರೆ ಒಪ್ಪಬೇಡಿ. 2016ರಲ್ಲಿ ತಿದ್ದಿದ ಬಾಲಕಾರ್ಮಿಕ ಕಾಯ್ದೆಯಲ್ಲಿ 14ರ ಕೆಳಗಿನವರನ್ನು ಯಾವ ಕೆಲಸಕ್ಕೂ ಇಡುವಂತಿಲ್ಲ, 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಇಡುವಂತಿಲ್ಲ. ಬೆಂಕಿ ಹಿಡಿಯುವ ದ್ರವ, ಬ್ಯಾಟರಿ ರಿಪೇರಿ, ಲೋಹ ಗ್ರೈಂಡ್ ಮಾಡುವುದು ಎಲ್ಲ ಆ ಪಟ್ಟಿಗೆ ಬರುತ್ತವೆ. ವರ್ಕ್‌ಶಾಪಿನಲ್ಲಿ ಇವಿಲ್ಲದ ಮೂಲೆ ಯಾವುದಿದೆ?

ಪೋರ್ಟಲ್ ಕೆಲಸ ಆಗುವವರೆಗೆ ಕಾಯಬೇಡಿ. ಒಂದು ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆಯಿರಿ: ತಿಂಗಳಿಗೆ ಎಷ್ಟು, ಯಾವ ತಾರೀಕಿಗೆ, ಬೆಳಿಗ್ಗೆ ಎಷ್ಟು ಗಂಟೆಗೆ, ಸಂಜೆ ಎಷ್ಟು ಗಂಟೆಗೆ, ರಜೆ ಯಾವಾಗ, ಮಧ್ಯಾಹ್ನದ ಊಟ ಯಾರದು. ‘ನೆರೆಮನೆಯವರ ಮಗ, ನಮ್ಮವನೇ’ ಎಂಬ ಸಲಿಗೆಯಲ್ಲಿ ಈ ಮಾತು ಎತ್ತದೆ ಬಿಡುವುದು ನಮ್ಮೂರಲ್ಲಿ ಜಾಸ್ತಿ. ಅದರಿಂದಲೇ ಎರಡು ಮನೆಗಳ ನಡುವೆ ಮುನಿಸು ಬರುತ್ತದೆ. ಅಪ್ಪ ಅಮ್ಮನನ್ನು ಕೂರಿಸಿ ಓದಿ ಹೇಳಿ. ಹೇಳಿದ ತಾರೀಕಿಗೆ ಹಣ ಕೊಡಿ, ಗಿರಾಕಿ ಬಾಕಿ ಇಟ್ಟಿದ್ದರೂ ಕೊಡಿ. ಹಣ ಅವನ ಕೈಗೆ ಅಥವಾ ಅವನ ಖಾತೆಗೆ ಹೋಗಲಿ, ಅಪ್ಪನ ಕೈಗಲ್ಲ.

ರಜೆಯ ವಿಷಯದಲ್ಲಿ ಊರಿನ ರೀತಿ ನೋಡಿ ನಡೆಯಬೇಕಾಗುತ್ತದೆ. ಪತ್ತನಾಜೆಯವರೆಗೆ, ಅಂದರೆ ಮೇ ತಿಂಗಳ ಕೊನೆಯ ಹೊತ್ತಿನವರೆಗೆ, ಯಕ್ಷಗಾನದ ಆಟ, ದೈವಗಳ ನೇಮ, ಕೋಲ. ರಾತ್ರಿ ನಿದ್ದೆ ಬಿಟ್ಟು ಬೆಳಿಗ್ಗೆ ತೂಕಡಿಸುತ್ತ ಬಂದವನ ಕೈಗೆ ಗ್ರೈಂಡರ್ ಕೊಡುವುದಕ್ಕಿಂತ ಮೊದಲೇ ಕೇಳಿ ರಜೆ ಕೊಡುವುದು ಒಳ್ಳೆಯದು. ಉಪವಾಸದ ತಿಂಗಳಲ್ಲಿ ನಿಮ್ಮಲ್ಲಿ ನೋಂಬು ಹಿಡಿಯುವವರಿದ್ದರೆ ಭಾರದ ಕೆಲಸ ಬೆಳಿಗ್ಗೆಯೇ ಮುಗಿಯಲಿ. ಸಂಜೆ ಅವನ ಊರಿಗೆ ಹೋಗುವ ಕೊನೆಯ ಬಸ್ಸು ಎಷ್ಟಕ್ಕೆ ಎಂದು ನಿಮಗೆ ಗೊತ್ತಿರಬೇಕು.

ಮೊಬೈಲ್ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಗಾಡಿಯ ಕೆಲಸ ಮಾಡುವಾಗ ಅದು ಕಪಾಟಿನಲ್ಲಿರಲಿ, ಈ ನಿಯಮ ಎಲ್ಲರಿಗೂ ಇರಲಿ. ನೀವು ಗಿರಾಕಿಯ ಜೊತೆ ಮಾತಾಡುತ್ತ ರೀಲ್ಸ್ ನೋಡಿದರೆ ಅವನಿಗೆ ಹೇಳುವಂತಿಲ್ಲ. ಆದರೆ ಅವನ ಆ ಚುರುಕನ್ನು ಬಳಸಿಕೊಳ್ಳಿ. 2020ರ ಏಪ್ರಿಲ್‌ನಿಂದ ಬಿಎಸ್ 6 ಎಂಬ ಹೊಗೆ ಮಾಲಿನ್ಯದ ನಿಯಮ ಬಂದ ಮೇಲೆ ಹೆಚ್ಚಿನ ಹೊಸ ಗಾಡಿಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು, ಸೆನ್ಸರ್‌ಗಳು ಬಂದವು. ಹಳೆ ಮೆಕ್ಯಾನಿಕ್‌ಗಳು ಗಾಡಿಯ ದೋಷದ ಕೋಡ್ ತೋರಿಸುವ ಸ್ಕ್ಯಾನರ್ ಕಂಡರೆ ದೂರ ನಿಲ್ಲುತ್ತಾರೆ. ಈ ಹುಡುಗನಿಗೆ ಅದು ಒಂದೇ ದಿನದಲ್ಲಿ ಬರುತ್ತದೆ. ಸ್ಕ್ಯಾನರ್ ಜೋಡಿಸಿ ಕೋಡ್ ಓದಿ ಪುಸ್ತಕದಲ್ಲಿ ಬರೆಯುವ ಕೆಲಸ ಅವನದಾಗಲಿ. ಆ ಕೋಡಿನ ಅರ್ಥ ಏನು, ನಿಜವಾಗಿ ಸೆನ್ಸರ್ ಹೋಗಿದೆಯಾ ಅಥವಾ ಇಲಿ ವೈರ್ ಕಡಿದಿದೆಯಾ ಎಂದು ಹಿರಿಯರು ಹೇಳಿಕೊಡಲಿ. ಹಿರಿಯ ಮೆಕ್ಯಾನಿಕ್ ಅವನಿಂದ ಒಂದು ವಿಷಯ ಕೇಳಿ ತಿಳಿದುಕೊಂಡ ದಿನದಿಂದ ಹುಡುಗ ಮಾತಾಡಲು ಶುರು ಮಾಡುತ್ತಾನೆ. ಇದನ್ನು ನಾನು ಎಷ್ಟೋ ವರ್ಕ್‌ಶಾಪ್‌ಗಳಲ್ಲಿ ನೋಡಿದ್ದೇನೆ.

ವಾರಕ್ಕೊಮ್ಮೆ, ಶನಿವಾರ ಸಂಜೆ ಅಂತಿಟ್ಟುಕೊಳ್ಳಿ, ಬೇರೆಯವರಿಲ್ಲದಾಗ ಹತ್ತು ನಿಮಿಷ ಅವನ ಜೊತೆ ಕೂತು ಚಹಾ ಕುಡಿಯಿರಿ. ಈ ವಾರ ಏನು ಕಲಿತೆ, ಯಾವುದು ಕಷ್ಟವಾಯಿತು, ಯಾರಾದರೂ ಏನಾದರೂ ಅಂದರಾ. ಮೊದಲ ಕೆಲವು ವಾರ ‘ಏನಿಲ್ಲ’ ಎಂದೇ ಹೇಳುತ್ತಾನೆ. ಆದರೂ ಬಿಡಬೇಡಿ. ಊಟ ಬಿಡುವುದು, ಯಾರ ಜೊತೆಯೂ ಸೇರದಿರುವುದು, ‘ನಾನು ಯಾವುದಕ್ಕೂ ಆಗದವನು’ ಎಂಬಂಥ ಮಾತು ಕಂಡರೆ ಮನೆಯವರ ಜೊತೆ ಮೆಲ್ಲಗೆ ಮಾತಾಡಿ. ಮನಸ್ಸಿನ ತೊಂದರೆಗೆ 14416 ಎಂಬ ಟೆಲಿ ಮಾನಸ್ ನಂಬರಿಗೆ ಯಾರು ಬೇಕಾದರೂ ಹಣ ಖರ್ಚಿಲ್ಲದೆ ಕರೆ ಮಾಡಬಹುದು. ಪರೀಕ್ಷೆಯಲ್ಲಿ ಸೋತು ಓದು ಬಿಟ್ಟ ಮಕ್ಕಳ ಮನಸ್ಸಿನಲ್ಲಿ ಏನಿದೆ ಎಂದು ಹೊರಗಿನಿಂದ ಕಾಣುವುದಿಲ್ಲ.

ಕೊನೆಗೆ ಗಲ್ಫಿನ ಪ್ರಶ್ನೆ. ಹೌದು, ಅವನು ಹೋಗಬಹುದು. ಮಂಗಳೂರಿನ ಶೋರೂಮಿನವರು ಜಾಸ್ತಿ ಕೊಟ್ಟರೂ ಹೋಗಬಹುದು. ಬಾಂಡ್ ಬರೆಸಿಕೊಳ್ಳಲೇ ಎಂದು ಕೆಲವು ಮಾಲಕರು ಕೇಳುತ್ತಾರೆ. ಅಪ್ರೆಂಟಿಸ್ ಒಪ್ಪಂದದಲ್ಲಿ ತರಬೇತಿ ಮುಗಿದ ಮೇಲೆ ಇಲ್ಲೇ ದುಡಿಯಬೇಕು ಎಂಬ ಶರತ್ತು ಹಾಕಿದರೆ, ತಕ್ಕ ಕೆಲಸವನ್ನು ನೀವೂ ಕೊಡಲೇಬೇಕಾಗುತ್ತದೆ. ಅದು ಎರಡೂ ಕಡೆಗೆ ಕಟ್ಟು. ಮನಸ್ಸಿಲ್ಲದೆ ನಿಂತ ಮೆಕ್ಯಾನಿಕ್‌ನಿಂದ ನಿಮಗೆ ಏನು ಲಾಭ? ನಾನಾದರೆ ಬೇರೆ ರೀತಿ ಮಾಡುತ್ತಿದ್ದೆ. ಆರು ತಿಂಗಳಿಗೆ ಇಷ್ಟು, ವರ್ಷಕ್ಕೆ ಇಷ್ಟು, ಒಬ್ಬನೇ ಇಂಜಿನ್ ಇಳಿಸಿ ಜೋಡಿಸುವಷ್ಟಾದಾಗ ಮೆಕ್ಯಾನಿಕ್‌ನ ಸಂಬಳ ಮತ್ತು ಪಾಲು ಎಂದು ಈಗಲೇ ಅದೇ ಬಿಳಿ ಹಾಳೆಯಲ್ಲಿ ಬರೆದು ಅವನಿಗೆ ತೋರಿಸುತ್ತಿದ್ದೆ. ಮುಂದೆ ಏನು ಸಿಗುತ್ತದೆ ಎಂದು ಗೊತ್ತಿಲ್ಲದ ಹುಡುಗನಿಗೆ ಹೊರಗಿನವರು ಹೇಳಿದ ಯಾವ ಲೆಕ್ಕವೂ ದೊಡ್ಡದಾಗಿ ಕಾಣುತ್ತದೆ. ಎರಡು ವರ್ಷ ನಿಮ್ಮಲ್ಲಿ ಕಲಿತು, ಅದರಲ್ಲಿ ಕೊನೆಯ ಒಂದು ವರ್ಷ ಚೆನ್ನಾಗಿ ಕೆಲಸ ಮಾಡಿ ಹೋದರೂ ನಿಮ್ಮ ಖರ್ಚು ಹುಟ್ಟಿರುತ್ತದೆ. ಹೋಗುವವನಿಗೆ ಒಳ್ಳೆಯ ಮಾತಿನಲ್ಲಿ ಅನುಭವದ ಪತ್ರ ಬರೆದುಕೊಡಿ. ಅವನ ಹಿಂದಿನಿಂದ ಕಲಿಯಲು ಬರುವ ಹುಡುಗ ನಿಮ್ಮ ವರ್ಕ್‌ಶಾಪ್ ಹೇಗೆ ಎಂದು ವಿಚಾರಿಸುವುದು ಅವನಲ್ಲೇ. ಬರುವ ಸೋಮವಾರ ಆ ಹಾಳೆ ತಯಾರಿರಲಿ, ಗುರು ಯಾರೆಂದು ತೀರ್ಮಾನವಾಗಿರಲಿ, ಗುಜರಿಯವನಿಗೆ ಒಂದು ಹಳೆ ಇಂಜಿನ್ ಹೇಳಿಟ್ಟಿರಿ.